ಕಾಲು ಭಾಗಕ್ಕೆ ಇಳಿಸಿದ ಒಂದು ಲೀಟರ್

ಹೊರಗಿನ ತಿಂಡಿ ತಿನ್ನಬಾರದು ಎಂಬುದು ನನ್ನ ಮಾವನ ಮನೆಯ ಮೊದಲ ನಿಯಮ. ಹೊರಗಿನ ತಿಂಡಿ ಮಾರುವುದು ಆ ಮನೆಯ ಕಸುಬು. ಈ ಎರಡರ ನಡುವೆ ಏನೋ ತೊಡಕಿದೆಯಲ್ಲ ಎಂದು ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿ ನೋಡಿದೆ. "ನಮ್ಮದು ಹೊರಗಿನದ್ದಲ್ಲ, ನಮ್ಮದು" ಎಂದರು ಮಾವ. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಮಾವ ಉಡುಪಿ ಕಡೆಯವರು. ಪುಣೆ ಕ್ಯಾಂಪಿನ ಒಂದು ಗಲ್ಲಿಯಲ್ಲಿ ಕೆಳಗೆ ಅವರ ಹೊಟೇಲು, ಮೇಲೆ ಅವರ ಮನೆ. ಮನೆಗೆ ಹೋಗುವ ಮೆಟ್ಟಿಲು ಹೊಟೇಲಿನ ಅಡುಗೆಮನೆಯ ಪಕ್ಕದಲ್ಲೇ ಇದೆ, ಹಾಗಾಗಿ ಯಾರು ಯಾವಾಗ ಮೇಲೆ ಹೋದರು ಎಂಬುದು ದೋಸೆಯ ಕಲ್ಲಿನ ಮುಂದೆ ನಿಂತವರಿಗೆಲ್ಲ ಗೊತ್ತಾಗುತ್ತದೆ. ನಾನು ಧಾರವಾಡದವಳು. ಇಲ್ಲಿನ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಗಂಡನ ಆಫೀಸು ಹಿಂಜವಾಡಿಯಲ್ಲಿ, ಹಾಗಾಗಿ ನಮ್ಮ ಸಂಸಾರ ವಾಕಡದಲ್ಲಿ. ವಾಕಡದಿಂದ ಕ್ಯಾಂಪಿಗೆ ಬರುವುದೆಂದರೆ ಬೇರೆ ಊರಿಗೆ ಹೋದಂತೆಯೇ. ಊಟ ಕಟ್ಟಿಕೊಂಡು ಹೊರಡಬೇಕು.

ಆ ಮನೆಯಲ್ಲಿ ರುಚಿ ನೋಡುವ ಹಕ್ಕು ಮಾವನದು ಮಾತ್ರ. ಕೆಳಗಿನ ಹೊಟೇಲಿನಲ್ಲಿ ಸಾಂಬಾರಿನ ಪ್ರತಿಯೊಂದು ಹಂಡೆಯೂ ಅವರ ಅಂಗೈ ಮೇಲೆ ಒಂದು ಹನಿಯಾಗಿ ಬಿದ್ದು, ಅವರು ನೆಕ್ಕಿ, ತಲೆ ಆಡಿಸಿದ ಮೇಲೆಯೇ ಹೊರಗೆ ಹೋಗುವುದು. ಮೇಲಿನ ಮನೆಯಲ್ಲಿ ಅತ್ತೆ ಅಡುಗೆ ಮಾಡುತ್ತಾರೆ, ಆದರೆ ರುಚಿ ನೋಡುವುದಿಲ್ಲ. ಮೊದಲು ದೇವರಿಗೆ ನೈವೇದ್ಯ, ಆಮೇಲೆ ಗಂಡನಿಗೆ, ಆಮೇಲೆ ತಮಗೆ. ಅದಕ್ಕೆ ಮುಂಚೆ ನಾಲಗೆಗೆ ತಾಗಿದರೆ ಎಂಜಲು. ಉಪ್ಪು ಎಷ್ಟೆಂದು ಕೈಗೆ ಗೊತ್ತು, ಬೆಂದಿದೆಯೋ ಇಲ್ಲವೋ ಮೂಗಿಗೆ ಗೊತ್ತು. ನಾನು ಆ ಅಡುಗೆಮನೆಯಲ್ಲಿ ಸೌಟು ಬಾಯಿಗೆ ಒಯ್ದಿದ್ದನ್ನು ಅವರು ಒಂದು ಸಲ ನೋಡಿದರು. ಸೌಟನ್ನು ತೊಳೆದು, ನನ್ನನ್ನು ತೆಂಗಿನಕಾಯಿ ತುರಿಯಲು ಕೂರಿಸಿದರು.

ಒಂದು ಬೇಸಿಗೆಯಲ್ಲಿ ಮಾವ ತಮ್ಮ ನಿಯಮವನ್ನು ತಾವೇ ಮುರಿದರು. ಬ್ಯಾಂಕಿಗೆ ಹೋದವರು ಬಿಸಿಲು ತಾಳಲಾರದೆ ದಾರಿಯ ಗಾಡಿಯೊಂದರಲ್ಲಿ ಕಬ್ಬಿನ ಹಾಲು ಕುಡಿದರು, ಐಸ್ ಹಾಕಿಸಿಕೊಂಡು. ಅದೇ ಸಂಜೆಯಿಂದ ಶುರುವಾಯಿತು. ವಾಂತಿ ಬೇಗ ನಿಂತಿತು, ಭೇದಿ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ನನಗೆ ಫೋನ್ ಮಾಡಿ, "ಇವರಿಗೆ ಸ್ವಲ್ಪ ಆರಾಮಿಲ್ಲ, ನೀನು ಸುಮ್ಮನೆ ಬಂದ ಹಾಗೆ ಬಾ" ಎಂದರು. ಕಾಲೇಜಿಗೆ ರಜೆಯಿತ್ತು. ಸುಮ್ಮನೆ ಬಂದ ಹಾಗೆ ಬಂದೆ.

ಯಾಕೆ ಹಾಗೆ ಬರಬೇಕು ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹೊಟೇಲಿನ ಮಾಲೀಕನಿಗೆ ಎದೆನೋವು ಬರಬಹುದು, ಕಾಲು ಮುರಿಯಬಹುದು, ಗಿರಾಕಿಗಳು ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. ಅವನಿಗೆ ಭೇದಿ ಮಾತ್ರ ಆಗಬಾರದು. ಹತ್ತು ಮಂದಿಗೆ ಗೊತ್ತಾದರೆ ಹೊಟೇಲಿಗೆ ಬೀಗ ಹಾಕಿದಂತೆಯೇ. ಕಬ್ಬಿನ ಹಾಲಿನಿಂದ ಆಯಿತು ಎಂದು ಬೋರ್ಡು ಬರೆದು ನೇತುಹಾಕಲು ಬರುವುದಿಲ್ಲ.

ಗಲ್ಲಿಯ ಕೊನೆಯಲ್ಲಿ ದವಾಖಾನೆ ಇಟ್ಟುಕೊಂಡಿರುವ ಮರಾಠಿ ಡಾಕ್ಟರು ಈ ಮನೆಗೆ ಹಳಬರು. ಅವರು ದಿನವೂ ಬರುವಂತೆ ಕೆಳಗೆ ಕುಳಿತು ಕಾಫಿ ಕುಡಿದು, ಕೈ ತೊಳೆಯಲು ಹೋದವರಂತೆ ಮೆಟ್ಟಿಲು ಹತ್ತಿ ಬಂದರು. ಮಾವನ ಮುಂಗೈ ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟರು. ಎತ್ತಿದ ಚರ್ಮ ಡೇರೆಯಂತೆ ನಿಂತುಕೊಂಡಿತು, ಕೆಳಗಿಳಿಯಲಿಲ್ಲ. ನಾಲಗೆ ನೋಡಿದರು. ಆಮೇಲೆ, "ಲಘವೀ ಝಾಲೀ ಕಾ?" ಎಂದು ಕೇಳಿದರು. ಮೂತ್ರ ಆಯಿತೇ ಎಂದು. ಆಗಿರಲಿಲ್ಲ. ಹಿಂದಿನ ರಾತ್ರಿಯಿಂದ ಆಗಿರಲಿಲ್ಲ.

ಡಾಕ್ಟರು ಅವಸರದವರಲ್ಲ. ಈ ವಯಸ್ಸಿನಲ್ಲಿ ಮೈ ಇಷ್ಟು ಒಣಗಿದರೆ ಕಿಡ್ನಿಗೆ ಪೆಟ್ಟು, ಓಆರ್‌ಎಸ್ ಪುಡಿಯನ್ನು ನೀರಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಿ, ಸಂಜೆಯೊಳಗೆ ಲಘವಿ ಆಗದಿದ್ದರೆ ಆಸ್ಪತ್ರೆಗೆ ಸೇರಿಸಿ ಸಲೈನ್ ಹಾಕಿಸಲೇಬೇಕು ಎಂದರು. ಮಾವ ಕಣ್ಣು ಮುಚ್ಚಿಕೊಂಡೇ, "ಆಸ್ಪತ್ರೆಗೆ ಹೋಗೂದಿಲ್ಲ" ಎಂದರು. "ಹೊಟೇಲಿನ ಎದುರಿಂದ ಸ್ಟ್ರೆಚರ್ ಹೋದ್ರೆ ನಾಳೆಯಿಂದ ಇಡ್ಲಿ ಯಾರು ತಿಂತಾರೆ?" ಇಡ್ಲಿಯ ಬಗ್ಗೆ ಅವರು ಹೇಳಿದ್ದು ನಿಜವೇ. ಕಿಡ್ನಿಯ ಬಗ್ಗೆ ಡಾಕ್ಟರು ಹೇಳಿದ್ದೂ ನಿಜ. ಆ ಮುದುಕರನ್ನು ನಾನು ಇಷ್ಟಪಡುತ್ತಿದ್ದೆ, ಅವರಿಗೆ ಹೇಳಿರಲಿಲ್ಲ ಅಷ್ಟೆ.

ನಮ್ಮ ಮನೆಯಲ್ಲಿ ನಾಚಿಕೆಯ ಮಾತುಗಳನ್ನೆಲ್ಲ ಮರಾಠಿಗೆ ಬಿಟ್ಟುಕೊಟ್ಟಿದ್ದೇವೆ. ಕನ್ನಡದಲ್ಲಿ ಸೊಸೆಯೊಬ್ಬಳು ಮಾವನನ್ನು ಕೇಳಲಾರದ್ದನ್ನು ಮರಾಠಿಯಲ್ಲಿ ಸಲೀಸಾಗಿ ಕೇಳಬಹುದು. ಆ ದಿನ ಎಲ್ಲರ ಬಾಯಲ್ಲೂ ಅದೊಂದೇ ಶಬ್ದ. ಹಿಂಜವಾಡಿಯಿಂದ ಗಂಡ ಮೀಟಿಂಗುಗಳ ನಡುವೆ ಫೋನ್ ಮಾಡಿ, ಸುತ್ತಲಿದ್ದವರಿಗೆ ಕೇಳದಂತೆ ಪಿಸುದನಿಯಲ್ಲಿ, "ಲಘವೀ?" ಎನ್ನುತ್ತಿದ್ದ. ನಾನು ಇಲ್ಲ ಎನ್ನುತ್ತಿದ್ದೆ. ಫೋನ್ ಇಡುತ್ತಿದ್ದ.

ಪೊಟ್ಟಣ ತಂದವಳು ನಾನು. ಬಟ್ಟೆಯ ಚೀಲದಲ್ಲಿ, ಮೇಲೆ ಕೊತ್ತಂಬರಿ ಕಟ್ಟು ಇಟ್ಟುಕೊಂಡು. ಅತ್ತೆ ಅದನ್ನು ಇಸಿದುಕೊಂಡು ಒಳಗೆ ಹೋದರು. ಆ ಅಡುಗೆಮನೆಯಲ್ಲಿ ಬೇರೆಯವರು ಸ್ಟವ್ ಮುಟ್ಟುವ ರೂಢಿಯಿಲ್ಲ. ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ಲೋಟದಲ್ಲಿ ತಂದು ಕೊಟ್ಟರು. ಮಾವ ಒಂದು ಗುಟುಕು ಕುಡಿದು, "ಉಪ್ಪು ಜಾಸ್ತಿ" ಎಂದರು. ಔಷಧ ಹಾಗೇ ಇರ್ತದ್ರಿ ಎಂದೆ ನಾನು. ಕುಡಿದರು. ಗಂಟೆಗೊಮ್ಮೆ ಅರ್ಧ ಲೋಟ. ಒಳ್ಳೆಯ ರೋಗಿ ಎಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅವರ ಸ್ಥಿತಿ ಇನ್ನೂ ಕೆಟ್ಟಿತು. ಭೇದಿ ಹೆಚ್ಚಾಯಿತು. ಕಣ್ಣು ಒಳಗೆ ಹೋಗಿತ್ತು. ಮಾತಿಗೆ ಬಾಯಿ ತೆರೆದರೆ ನಾಲಗೆ ಅಂಗುಳಿಗೆ ಅಂಟಿ ಟಪ್ಪೆನ್ನುತ್ತಿತ್ತು. ನನಗೆ ಅರ್ಥವಾಗಲಿಲ್ಲ. ಈ ಪುಡಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಅದು ನಾನು ಹೇಳಿದಂತೆಯೇ ಕೆಲಸ ಮಾಡಬೇಕಿತ್ತು.

"ಅತ್ಯಾರ, ಒಂದು ಪೊಟ್ಟಣಕ್ಕ ನೀರ ಎಷ್ಟ ಹಾಕೀರಿ?" ಎಂದು ಕೇಳಿದೆ.

"ಬರ್ದಷ್ಟೇ. ಒಂದು ಲೀಟರ್. ಅಳೆದೇ ಹಾಕಿದ್ದೇನೆ."

ಅವರು ಸುಳ್ಳು ಹೇಳುವವರಲ್ಲ. ನಾನು ಅಡುಗೆಮನೆಗೆ ಹೋಗಿ ನೋಡಿದೆ. ಪಾತ್ರೆಯ ತಳದಲ್ಲಿ ಕಂದು ಬಣ್ಣದ್ದೇನೋ ಒಂದಿಷ್ಟು ಉಳಿದಿತ್ತು. ಶುಂಠಿಯ ಚೂರು, ಜೀರಿಗೆ ತೇಲುತ್ತಿದ್ದವು. ಬೆಲ್ಲದ ವಾಸನೆ.

"ಮತ್ತ ಒಂದ್ ಲೀಟರ್ ಎಲ್ಲಿ ಹೋತ್ರಿ? ಅವರು ಕುಡದದ್ದು ಎರಡ ಲೋಟನೂ ಆಗಿಲ್ಲ."

"ಎಲ್ಲಿಗೆ ಹೋಗ್ತದೆ? ಇಳಿಸಿದ್ದು. ಕಾಲು ಭಾಗಕ್ಕೆ ಇಳಿಸಿದ್ದು. ಕಷಾಯವನ್ನು ಇಳಿಸದೆ ಕೊಡ್ತಾರಾ ಮಾರಾಯ್ತಿ?"

ಅವರ ಪ್ರಕಾರ ಔಷಧವೆಂದರೆ ಕಷಾಯ, ಕಷಾಯವೆಂದರೆ ಕುದಿಸಿ ಕಾಲು ಭಾಗಕ್ಕೆ ಇಳಿಸಿದ್ದು. ಅವರ ತಾಯಿಯೂ ಹಾಗೆಯೇ ಇಳಿಸಿದ್ದಾರೆ, ಅಜ್ಜಿಯೂ. ಪೊಟ್ಟಣದ ಮೇಲೆ ಕುದಿಸಬಾರದು ಎಂದು ಬರೆದಿತ್ತೋ ಏನೋ, ಬರೆದಿದ್ದರೂ ಸಾಸಿವೆಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ. ಮೇಲಾಗಿ, ಬರೀ ಪುಡಿ ಸಪ್ಪೆ ಇರುತ್ತದೆಂದು ಬೆಲ್ಲ ಹಾಕಿದ್ದರು, ಬೆಲ್ಲ ಹೆಚ್ಚಾಗಿರಬಹುದೆಂದು ಚಿಟಿಕೆ ಉಪ್ಪು. ರುಚಿ ನೋಡಿರಲಿಲ್ಲ. ನಾನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಮುಖ ತಾನಾಗಿ ಹಿಂಡಿಕೊಂಡಿತು. ಇದನ್ನು ಆ ಮನುಷ್ಯ ಬೆಳಗಿನಿಂದ ತುಟಿಪಿಟಕ್ಕೆನ್ನದೆ ಕುಡಿದಿದ್ದರು. ಒಮ್ಮೆ ಹೇಳಿದ್ದರು ನಿಜ. ಪುಣೆಯಲ್ಲಿ ಉಪ್ಪಿನ ವಿಷಯದಲ್ಲಿ ಅವರಷ್ಟು ತಿಳಿದವರಿಲ್ಲ, ಅಂಥವರಿಗೆ ಔಷಧ ಹಾಗೇ ಇರುತ್ತದೆ ಎಂದು ಪಾಠ ಹೇಳಿದವಳು ನಾನು.

ನನಗೆ ಸಿಟ್ಟು ಬಂದಿತ್ತು. ಕೂಗಾಡಿದರೆ ಕೆಳಗೆ ದೋಸೆ ತಿನ್ನುವವರಿಗೆ ಕೇಳಿಸುತ್ತದೆ. ಹಾಗಾಗಿ ಪಾಠ ಮಾಡುವ ದನಿಯಲ್ಲೇ ಕೇಳಿದೆ:

"ಅತ್ಯಾರ, ಮಾವಿನ ಮಿಡಿಗೆ ಉಪ್ಪ ಹಾಕಿ ಭರಣ್ಯಾಗ ಇಟ್ರ ಏನಾಗ್ತದ್ರಿ?"

"ನೀರು ಬಿಡ್ತದೆ."

"ಎಲ್ಲಿಂದ?"

"ಮಿಡಿಯೊಳಗಿಂದ. ಮತ್ತೆಲ್ಲಿಂದ?"

"ಆಮ್ಯಾಲೆ ಮಿಡಿ?"

"ಚಿರುಟಿ ಸಣ್ಣದಾಗ್ತದೆ."

ಹಾಗೆಂದವರು ಬಾಗಿಲಿನಿಂದ ಮಂಚದ ಕಡೆ ನೋಡಿದರು. ಮಂಚದ ಮೇಲೆ ಮಾವ ಬಹಳ ಸಣ್ಣವರಾಗಿ ಕಾಣುತ್ತಿದ್ದರು.

"ಹಾಗಾದ್ರೆ ನಾನು ಇವರನ್ನು ಭರಣಿಗೆ ಹಾಕಿದ್ದಾ?" ಎಂದರು ಅತ್ತೆ.

ನನ್ನ ವಿದ್ಯಾರ್ಥಿಗಳಲ್ಲಿ ಇಷ್ಟು ಬೇಗ ಅರ್ಥ ಮಾಡಿಕೊಂಡವರಿಲ್ಲ. ಅವರಿಗೆ ಆಲೂಗಡ್ಡೆಯನ್ನು ಕೊರೆದು ಉಪ್ಪು ತುಂಬಿ, ನೀರು ಒಸರುವುದನ್ನು ತೋರಿಸಿ, ಅಭಿಸರಣೆ ಎಂದು ಹೆಸರು ಹೇಳಿ, ಚಿತ್ರ ಬರೆಸಿದ ಮೇಲೂ ಪರೀಕ್ಷೆಯಲ್ಲಿ ಬಾಣದ ಗುರುತನ್ನು ಉಲ್ಟಾ ಹಾಕುತ್ತಾರೆ. ನೀರು ಉಪ್ಪು-ಸಕ್ಕರೆ ಹೆಚ್ಚಿರುವ ಕಡೆಗೆ ಹೋಗುತ್ತದೆ, ಇಷ್ಟೇ ವಿಷಯ. ಕರುಳಿನೊಳಗೆ ಮಂದವಾದ ಪಾಕ ಸುರಿದರೆ, ಒಳಗಿಳಿಯಬೇಕಾದ ನೀರು ಮೈಯಿಂದಲೇ ಹೊರಟು ಕರುಳಿಗೆ ಬರುತ್ತದೆ. ಅಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನಾವು ಬೆಳಗಿನಿಂದ ನೋಡುತ್ತಿದ್ದೆವು.

ಎರಡನೇ ಪೊಟ್ಟಣವನ್ನು ನಾನೇ ಒಡೆದೆ. ಕುದಿಸಿ ಆರಿಸಿಟ್ಟಿದ್ದ ನೀರು ಒಂದು ಲೀಟರ್, ಪುಡಿ, ಚಮಚ. ಬೇರೇನಿಲ್ಲ. ಅತ್ತೆ ಪಕ್ಕದಲ್ಲಿ ನಿಂತು, ಇದು ಅಡುಗೆಯೇ ಅಲ್ಲ ಎಂಬಂತೆ ನೋಡುತ್ತಿದ್ದರು.

ಆದರೆ ಮಾವ ಈಗ ಬಾಯಿ ತೆರೆಯಲು ಒಪ್ಪಲಿಲ್ಲ. ಬೆಳಗಿನಿಂದ ಕುಡಿದದ್ದೆಲ್ಲ ತಮ್ಮನ್ನು ಇನ್ನಷ್ಟು ಕೆಡಿಸಿದೆ ಎಂಬುದು ಅವರಿಗೆ ಗೊತ್ತಾಗಿತ್ತು. ಆ ಪಾತ್ರೆ, ಈ ಪಾತ್ರೆ ಎಂಬ ವ್ಯತ್ಯಾಸವನ್ನು ಅವರು ನಂಬಲು ತಯಾರಿರಲಿಲ್ಲ. "ಉಪ್ಪು-ಸಕ್ಕರೆ ಕೊಟ್ಟೇ ಹೀಗಾದದ್ದು, ಪುನಃ ಉಪ್ಪು-ಸಕ್ಕರೆ ಯಾಕೆ? ಬರೀ ನೀರು ಕೊಡು" ಎಂದರು. ದನಿ ಏಳುತ್ತಿರಲಿಲ್ಲ, ಆದರೆ ವಾದ ಸರಿಯಾಗಿಯೇ ಇತ್ತು.

ಹೊರಗೆ ಬಿಸಿಲು ಇಳಿಯತೊಡಗಿತ್ತು. ಡಾಕ್ಟರು ಹೇಳಿದ ಸಂಜೆ ಹತ್ತಿರ ಬರುತ್ತಿತ್ತು. ನಾನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಕರುಳಿನ ಗೋಡೆಯಲ್ಲಿ ಕೋಟ್ಯಂತರ ಜೀವಕೋಶಗಳಿವೆ, ಒಂದೊಂದಕ್ಕೂ ತೆಳ್ಳನೆಯ ಜಿಡ್ಡಿನ ಪೊರೆ ಇದೆ, ಉಪ್ಪಾಗಲಿ ಸಕ್ಕರೆಯಾಗಲಿ ಆ ಜಿಡ್ಡನ್ನು ದಾಟಿ ಒಳಗೆ ಬರಲಾರವು, ಅದಕ್ಕೆಂದೇ ಪೊರೆಯಲ್ಲಿ ಬಾಗಿಲುಗಳಿವೆ ಎಂದು ಶುರು ಮಾಡಿದೆ. ಮಾವ ಕಣ್ಣು ಮುಚ್ಚಿದರು. ನಮ್ಮ ಹೊಟೇಲಿನಲ್ಲಿ ಫ್ಯಾಮಿಲಿ ರೂಮ್ ಇದೆಯಲ್ಲ ಎಂದೆ. ಕಣ್ಣು ತೆರೆದರು.

"ಅಲ್ಲಿ ಗಂಡಸು ಒಬ್ಬನ ಬಂದ್ರ ಬಿಡ್ತೀರೇನ್ರಿ?"

"ಬಿಡೂದಿಲ್ಲ. ಬೋರ್ಡು ಉಂಟಲ್ಲ."

"ಹೆಣ್ಣಮಕ್ಕಳ ಜೋಡಿ ಬಂದ್ರ?"

"ಬಿಡ್ತೇವೆ."

"ಕರುಳಿನ ಬಾಗಲಾನೂ ಹಂಗ ಅದ್ರಿ ಮಾವಾರ. ಉಪ್ಪು ಒಂದ ಬಂದ್ರ ಆ ಬಾಗಲದಾಗ ಬಿಡಂಗಿಲ್ಲ. ಸಕ್ರಿ ಜೋಡಿ ಬಂದ್ರ ಬಿಡ್ತದ. ಒಂದು ಸಕ್ರಿ ಜೋಡಿ ಎರಡು ಉಪ್ಪು."

ಮಾವ ಯೋಚಿಸಿದರು. "ಒಬ್ಬಳ ಜೊತೆ ಇಬ್ಬರು ಗಂಡಸರಾ? ನಮ್ಮಲ್ಲಿ ಬಿಡೂದಿಲ್ಲ."

"ಅಣ್ಣತಮ್ಮಂದಿರು ಅಂತ ತಿಳಕೋರಿ."

"ಹಾಗಾದ್ರೆ ಅಡ್ಡಿಯಿಲ್ಲ."

ಅವು ಒಳಗೆ ಹೋದ ಮೇಲೆ ನೀರು ಅವುಗಳ ಹಿಂದೆ ತಾನಾಗಿ ಒಳಗೆ ಹೋಗುತ್ತದೆ, ಕರೆಯಬೇಕಾಗಿಲ್ಲ ಎಂದೆ. ಭೇದಿಯಲ್ಲಿ ಏನೇನೋ ಕೆಟ್ಟರೂ ಈ ಬಾಗಿಲು ಸಾಮಾನ್ಯವಾಗಿ ಕೆಡುವುದಿಲ್ಲ, ಬರೀ ನೀರು ಕುಡಿದರೆ ಹೋದ ಉಪ್ಪು ತಿರುಗಿ ಬರುವುದಿಲ್ಲ, ಆದ್ದರಿಂದ ಎರಡೂ ಬೇಕು, ಆದರೆ ತೆಳುವಾಗಿ, ಅಳತೆಯಲ್ಲಿ. ನನ್ನ ಜೀವಮಾನದಲ್ಲಿ ಇಷ್ಟು ಮನಸ್ಸಿಟ್ಟು ಈ ಪಾಠ ಮಾಡಿರಲಿಲ್ಲ.

ಮಾವ ಲೋಟದ ಕಡೆ ನೋಡಿದರು. "ರುಚಿ ನೋಡಿದ್ದೀಯಾ?"

ನೋಡಿದ್ದೆ.

"ಹೇಗುಂಟು?"

ಸುಳ್ಳು ಹೇಳಬಹುದಿತ್ತು. ಆದರೆ ರುಚಿಯ ವಿಷಯದಲ್ಲಿ ಅವರ ಮುಂದೆ ಸುಳ್ಳು ನಡೆಯುವುದಿಲ್ಲ. "ಚಲೋ ಏನ್ ಇಲ್ರಿ" ಎಂದೆ. "ಸಮುದ್ರದ ನೀರಾಗ ಶರಬತ್ತು ಬಿದ್ದಂಗ ಅದ."

"ನಿನಗೆ ಖಾರ ಇಲ್ಲದ್ದು ಯಾವುದೂ ಚೆಂದ ಇಲ್ಲ" ಎಂದು ನನ್ನ ತೀರ್ಪನ್ನು ಬದಿಗೆ ಸರಿಸಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅತ್ತೆಯ ಕಡೆ ತಿರುಗಿ, "ನೀನು ನೋಡಿ ಹೇಳು" ಎಂದರು.

ಅತ್ತೆ ಅಲುಗಾಡಲಿಲ್ಲ. ಗಂಡ ಕುಡಿಯದ ಲೋಟವನ್ನು ತಾನು ಮೊದಲು ಕುಡಿಯುವುದೇ? ಮಾವ ಮತ್ತೆ, "ಬೆಳಿಗ್ಗೆ ನೋಡಿದ್ರೆ ಹೀಗಾಗ್ತಿತ್ತಾ? ನೋಡು" ಎಂದರು. ಬೈದಂತೇನೂ ಇರಲಿಲ್ಲ, ಆದರೆ ಅತ್ತೆಗೆ ತಾಗಿತು. ಅವರು ಬಂದು ಅಂಗೈ ಚಾಚಿದರು. ನಾನು ಒಂದು ಚಮಚ ಹಾಕಿದೆ. ಮಾವ ಸಾಂಬಾರು ನೆಕ್ಕುವ ಹಾಗೆಯೇ ನೆಕ್ಕಿದರು. ಒಂದು ಕ್ಷಣ ನಿಂತರು. ಮತ್ತೆ ಅಂಗೈ ಚಾಚಿದರು. ಹಾಕಿದೆ. ಮೂರನೆಯ ಸಲ ಕೈ ಚಾಚಲಿಲ್ಲ. ನನ್ನ ಕೈಯಿಂದ ಲೋಟವನ್ನೇ ತೆಗೆದುಕೊಂಡು, ಮೇಲೆತ್ತಿ, ಗಂಟಲಿಗೆ ಸುರಿದುಕೊಂಡರು. ಅರ್ಧ ಲೋಟ ಹೋದ ಮೇಲೆ ಎಚ್ಚರವಾದವರಂತೆ ನಿಲ್ಲಿಸಿದರು.

"ಒಳ್ಳೇದುಂಟು" ಎಂದರು. "ಪಾಯಸದ ಹಾಗುಂಟು."

ಮಾವ ಸಮಾಧಾನದಿಂದ ತಲೆಯಾಡಿಸಿದರು. ಆದರೆ ಈ ನೀರು ಸುಮ್ಮನೆ ಯಾರಿಗೂ ಪಾಯಸದ ಹಾಗೆ ಇರುವುದಿಲ್ಲ. ಮೈಯಲ್ಲಿ ನೀರಿದ್ದವರಿಗೆ ಅದು ಅಸಹ್ಯ, ಒಣಗಿದವರಿಗೆ ಮಾತ್ರ ರುಚಿ ಎಂದು ಕೇಳಿದ್ದೆ. ಅತ್ತೆಯ ಕೈ ಹಿಡಿದು ಮುಂಗೈ ಚರ್ಮವನ್ನು ಬೆಳಿಗ್ಗೆ ಡಾಕ್ಟರು ಮಾಡಿದಂತೆ ಎತ್ತಿ ಬಿಟ್ಟೆ. ಅದು ನಿಂತುಕೊಂಡಿತು.

"ಅತ್ಯಾರ, ನೀವು ನೀರ ಕುಡದು ಎಷ್ಟೊತ್ತಾತ್ರಿ?"

ಅತ್ತೆ ಕೈ ಎಳೆದುಕೊಂಡರು. "ನಿನ್ನೆ ಏಕಾದಶಿ ಅಲ್ವಾ."

ನಿನ್ನೆ ಏಕಾದಶಿ. ನಮ್ಮ ತವರಲ್ಲಿ ಏಕಾದಶಿಗೆ ಸಾಬೂದಾಣೆಯ ಖಿಚಡಿ, ಶೇಂಗಾ, ಬಾಳೆಹಣ್ಣು, ಉಳಿದ ದಿನಗಳಿಗಿಂತ ಹೆಚ್ಚೇ ತಿನ್ನುತ್ತೇವೆ. ಈ ಮನೆಯಲ್ಲಿ ಅತ್ತೆ ಹನಿ ನೀರೂ ಮುಟ್ಟುವುದಿಲ್ಲ. ಮಾವ ಅನ್ನ ಮಾತ್ರ ಬಿಡುತ್ತಾರೆ. ಕಬ್ಬಿನ ಹಾಲು ಅನ್ನವಲ್ಲ ಎಂಬ ಲೆಕ್ಕದಲ್ಲೇ ಅವರು ಆ ಗಾಡಿಯ ಮುಂದೆ ನಿಂತದ್ದು.

"ಇವತ್ತು ದ್ವಾದಶಿ ಅಲ್ರಿ? ಮುಂಜಾನೆ ಪಾರಣೆ ಆಗಬೇಕಿತ್ತಲ್ಲ?"

"ಇವರದ್ದು ಊಟ ಆಗದೆ ನಾನು ಹೇಗೆ ಪಾರಣೆ ಮಾಡೂದು?" ಎಂದರು ಅತ್ತೆ. ಇದೂ ಒಂದು ಪ್ರಶ್ನೆಯೇ ಎಂಬ ದನಿ. ಅಂದರೆ ಮೊನ್ನೆ ರಾತ್ರಿ ಊಟದ ಜೊತೆ ಕುಡಿದ ನೀರೇ ಕೊನೆ. ಏಪ್ರಿಲ್ ಬಿಸಿಲಲ್ಲಿ, ಒಲೆಯ ಮುಂದೆ ನಿಂತು ಕಷಾಯ ಇಳಿಸುತ್ತ, ಗಂಡನ ಬಟ್ಟೆ ಒಗೆಯುತ್ತ, ಬಚ್ಚಲು ತೊಳೆಯುತ್ತ. ನಾನು ಬೆಳಗಿನಿಂದ ಅವರ ಪಕ್ಕದಲ್ಲೇ ಇದ್ದೆ. ಜೀವಶಾಸ್ತ್ರದ ಪಾಠ ಹೇಳುತ್ತಿದ್ದೆ.

ಮಾವ ಎದ್ದು ಕೂರಲು ನೋಡಿದರು, ಆಗಲಿಲ್ಲ. ನಾನು ಬೆನ್ನಿಗೆ ದಿಂಬು ಕೊಟ್ಟೆ. ಅವರು ಅತ್ತೆಯನ್ನು ಬಹಳ ಹೊತ್ತು ನೋಡಿದರು. ಹಂಡೆಯಲ್ಲಿ ಏನೋ ತಪ್ಪಿದೆ, ಏನೆಂದು ಹೊಳೆಯುತ್ತಿಲ್ಲ ಎಂಬಾಗ ಅವರ ಮುಖ ಹಾಗಾಗುತ್ತದೆ.

"ಅವಳಿಗೆ ಕೊಡು ಮೊದಲು" ಎಂದರು ನನಗೆ.

"ಎಂತ ಮಾತು ಇದು" ಎಂದರು ಅತ್ತೆ. "ನಾನು ರುಚಿ ನೋಡಿದ್ದು ಅಷ್ಟೆ. ನೀವು ಕುಡೀರಿ."

"ನೀನು ಕುಡಿದ್ರೆ ಕುಡೀತೇನೆ."

"ನೀವು ಕುಡಿಯದೆ ನಾನು ಕುಡಿಯೂದಿಲ್ಲ."

ಇಬ್ಬರ ಬಾಯೂ ಒಣಗಿತ್ತು, ಇಬ್ಬರೂ ಹಟ ಬಿಡಲಿಲ್ಲ. ನಡುವೆ ಒಂದು ಲೀಟರ್ ನೀರು ಹಿಡಿದು ನಾನು. ನನಗೆ ಅಳು ಬಂತು, ರೇಗಿಯೂ ಹೋಯಿತು. ಕೆಳಗೆ ಕೇಳಿದರೆ ಕೇಳಲಿ ಎಂದು, "ಇಬ್ಬರನ್ನೂ ಸ್ಟ್ರೆಚರ್ ಮ್ಯಾಲೆ ಹಾಕಿ ಹೊಟೇಲ್ ಮುಂದಿಂದನ ಒಯ್ತೀನಿ ನೋಡ್ರಿ" ಎಂದು ಕೂಗಿದೆ. ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ದನಿ ಎತ್ತಿದ್ದು ಅದೇ ಮೊದಲು. ಇಬ್ಬರೂ ಬೆಚ್ಚಿ ನನ್ನ ಕಡೆ ನೋಡಿದರು. ಇನ್ನೊಂದು ಲೋಟ ತಂದೆ. ಎರಡನ್ನೂ ತುಂಬಿದೆ. ಅತ್ತೆ ಸೆರಗನ್ನು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ ಕುಡಿದರು. ಅವರ ಲೋಟ ಖಾಲಿಯಾದ ಶಬ್ದ ಕೇಳಿದ ಮೇಲೆ ಮಾವ ಬಾಯಿ ತೆರೆದರು.

ಚಮಚ ಚಮಚವಾಗಿ ಕುಡಿಸಿದೆ. ಅತ್ತೆಯೂ ಒಂದು ಮೂಲೆಯಲ್ಲಿ ಕುಳಿತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಲೋಟ ಎತ್ತುತ್ತಿದ್ದರು. ಭೇದಿಯ ಓಡಾಟ ನಿಧಾನವಾಯಿತು. ಗಂಡನ ಫೋನ್ ಎರಡು ಸಲ ಬಂತು, ಎರಡು ಸಲವೂ ಇಲ್ಲ ಎಂದೆ. ಕೆಳಗೆ ಸಂಜೆಯ ಗಿರಾಕಿಗಳ ಗದ್ದಲ ಏರಿತು. ಡಾಕ್ಟರು ಬಂದು ಕೆಳಗೆ ಕಾಫಿ ಕುಡಿಯುತ್ತ ಕುಳಿತಿದ್ದಾರೆ, ಆಸ್ಪತ್ರೆಗೆ ಹೇಳಿಟ್ಟಿದ್ದಾರೆ ಎಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಹೇಳಿ ಕಳಿಸಿದರು. ನಾನು ಮಾವನ ಎರಡು ಪಂಚೆಗಳನ್ನು ಚೀಲಕ್ಕೆ ಹಾಕತೊಡಗಿದೆ.

ಆಗ ಮಾವ ಕೈಸನ್ನೆ ಮಾಡಿದರು. ಅತ್ತೆ ಅವರನ್ನು ಹಿಡಿದುಕೊಂಡು ಬಚ್ಚಲಿಗೆ ಕರೆದೊಯ್ದರು. ಬಹಳ ಹೊತ್ತಾಯಿತು. ನಾನು ಚೀಲ ಹಿಡಿದುಕೊಂಡೇ ನಿಂತಿದ್ದೆ. ಅವರನ್ನು ಕರೆತಂದು ಮಂಚದ ಮೇಲೆ ಮಲಗಿಸಿ, ಹೊದಿಕೆ ಎಳೆದು, ಅತ್ತೆ ಹೊರಗೆ ಬಂದರು.

"ಝಾಲೀ" ಎಂದರು, ಇಡೀ ಗಲ್ಲಿಗೆ ಕೇಳುವಂತೆ.

ನಾನು ಚೀಲವನ್ನು ಕೆಳಗಿಟ್ಟು ಗಂಡನಿಗೆ ಫೋನ್ ಮಾಡಲು ಹೊರಟೆ. ಅತ್ತೆ ಇನ್ನೂ ಅಲ್ಲೇ ನಿಂತಿದ್ದರು. ಹತ್ತಿರ ಬಂದು, ದನಿ ತಗ್ಗಿಸಿ, ಕನ್ನಡದಲ್ಲಿ, "ನಂಗೂ ಆಯ್ತು ಮಾರಾಯ್ತಿ" ಎಂದರು. "ನಿನ್ನೆಯಿಂದ ಇರ್ಲಿಲ್ಲ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."